ಹಾಜರಿಯೂ ವಿಲೇವಾರಿಯೂ



ಸರ್ಕಾರಿ ಕಚೇರಿಗೆ ಹೋಗಿ ಬಂದವರು ಹೇಳುವ ದೂರು ಬಹುಮಟ್ಟಿಗೆ ಎರಡರಲ್ಲೊಂದು. ‘ಸೀಟಿನಲ್ಲಿ ಯಾರೂ ಇರಲಿಲ್ಲ’ ಎನ್ನುತ್ತಾರೆ, ಇಲ್ಲವೇ ‘ಎಲ್ಲರೂ ಇದ್ದರು, ಕೆಲಸ ಮಾತ್ರ ಆಗಲಿಲ್ಲ’ ಎನ್ನುತ್ತಾರೆ. ಮೊದಲನೆಯ ದೂರಿಗೆ ಸರ್ಕಾರಗಳು ಸಾಕಷ್ಟು ಮದ್ದು ಹುಡುಕಿವೆ. ಹಾಜರಿ ಪುಸ್ತಕದ ಜಾಗಕ್ಕೆ ಬೆರಳು ಒತ್ತುವ ಬಯೋಮೆಟ್ರಿಕ್ ಯಂತ್ರ ಬಂತು. ಅದೂ ಸಾಲದೆಂದು ಮುಖ ತೋರಿಸಿ ಹಾಜರಿ ಹಾಕುವ ಆ್ಯಪ್ ಬಂತು. ಎರಡನೆಯ ದೂರಿಗೆ ಮಾತ್ರ ಯಂತ್ರ ಸಿಕ್ಕಿಲ್ಲ. ಇವತ್ತು ನಾನು ಮಾತನಾಡಬೇಕೆಂದಿರುವುದು ಅದರ ಬಗ್ಗೆ. ಸರ್ಕಾರಿ ನೌಕರರಿಗೆ ಕೆಲಸದ ಹೊತ್ತಿನಲ್ಲಿ ಸಡಿಲಿಕೆ ಕೊಟ್ಟರೆ, ತೀರ್ಮಾನ ಮಾಡುವ ಅಧಿಕಾರದಲ್ಲಿ ಒಂದು ಪಾಲು ಕೊಟ್ಟರೆ, ಅವರ ಕೆಲಸ ಸುಧಾರಿಸುತ್ತದೆಯೇ? ಸುಧಾರಿಸುತ್ತದೆ ಎಂದೇ ನನ್ನ ಉತ್ತರ. ಆದರೆ ಎರಡನ್ನೂ ಜೊತೆಯಾಗಿ ಕೊಡಬೇಕು, ಕೊಟ್ಟದ್ದಕ್ಕೆ ಲೆಕ್ಕ ಕೇಳಬೇಕು. ಹೊತ್ತನ್ನಷ್ಟೇ ಸಡಿಲಿಸಿ ಅಧಿಕಾರವನ್ನು ಮೇಲೆಯೇ ಬಿಗಿಹಿಡಿದರೆ ನೌಕರರಿಗೆ ಒಂದಿಷ್ಟು ಅನುಕೂಲವಾದೀತು. ಕಚೇರಿಯ ಮೆಟ್ಟಿಲು ಹತ್ತುವ ಜನಕ್ಕೆ ಅದರಿಂದ ಏನೂ ದಕ್ಕುವುದಿಲ್ಲ.

ಹೊತ್ತು ಸಡಿಲಿಸುವ ಆಲೋಚನೆಗೆ ಈಗ ಅರುವತ್ತು ವರ್ಷವಾಗುತ್ತ ಬಂತು. ಪಶ್ಚಿಮ ಜರ್ಮನಿಯಲ್ಲಿ ಕೆಲಸಗಾರರ ಕೊರತೆ ಇದ್ದ ಕಾಲದಲ್ಲಿ, ಮಕ್ಕಳಿರುವ ತಾಯಂದಿರೂ ಕೆಲಸಕ್ಕೆ ಬರುವಂತಾಗಬೇಕಾದರೆ ಬರುವ ಹೋಗುವ ಹೊತ್ತನ್ನು ಅವರಿಗೇ ಬಿಡಬೇಕು ಎಂದು ಕ್ರಿಸ್ಟೆಲ್ ಕಾಮರರ್ ಎಂಬ ಅರ್ಥಶಾಸ್ತ್ರಜ್ಞೆ ಸೂಚಿಸಿದರು. 1967ರಲ್ಲಿ ಮ್ಯೂನಿಕ್ ಬಳಿಯ ಒಟ್ಟೊಬ್ರುನ್‌ನಲ್ಲಿದ್ದ ಒಂದು ವಿಮಾನ ತಯಾರಿಕಾ ಕಂಪನಿ ಅದನ್ನು ಜಾರಿಗೆ ತಂದಿತು. ಆ ಕಂಪನಿಯ ತೊಂದರೆ ಬೇರೆಯೇ ಇತ್ತು. ಸಾವಿರಾರು ಜನ ಒಂದೇ ಹೊತ್ತಿಗೆ ಗೇಟಿಗೆ ಬಂದು ರಸ್ತೆ ಕಟ್ಟಿಹೋಗುತ್ತಿತ್ತು. ದಿನದ ನಡುವಿನ ಕೆಲವು ಗಂಟೆ ಎಲ್ಲರೂ ಇರಬೇಕು, ಉಳಿದದ್ದನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು ಎಂಬ ನಿಯಮ ಅಲ್ಲಿಂದ ಯುರೋಪಿನ ಸರ್ಕಾರಿ ಕಚೇರಿಗಳಿಗೂ ಹಬ್ಬಿತು.

ನಮ್ಮಲ್ಲಿ ಆದ ಬದಲಾವಣೆಗಳು ಬೇರೆ ಬಗೆಯವು. 1985ರಲ್ಲಿ ಕೇಂದ್ರ ಸರ್ಕಾರದ ಆಡಳಿತ ಕಚೇರಿಗಳಿಗೆ ವಾರಕ್ಕೆ ಐದು ದಿನದ ಕೆಲಸ ಬಂತು. ಕರ್ನಾಟಕದಲ್ಲಿ 2019ರಲ್ಲಿ ಎರಡನೇ ಶನಿವಾರದ ಜೊತೆಗೆ ನಾಲ್ಕನೇ ಶನಿವಾರವೂ ರಜೆಯಾಯಿತು; ಅದಕ್ಕೆ ಪ್ರತಿಯಾಗಿ ವರ್ಷದ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ನೌಕರರ ಭಾಷೆಯಲ್ಲಿ ಹೇಳುವುದಾದರೆ ಐದು ಸಿ.ಎಲ್. ಹೋಯಿತು, ಹನ್ನೆರಡು ಶನಿವಾರ ಬಂತು. ಲೆಕ್ಕ ನೋಡಿದರೆ ಲಾಭವೇ. ಆದರೆ ಇವು ಎಲ್ಲರಿಗೂ ಒಂದೇ ಏಟಿಗೆ ಅನ್ವಯವಾಗುವ ರಜೆಗಳು. ಮಗುವಿಗೆ ಜ್ವರ ಬಂದ ಮಂಗಳವಾರಕ್ಕೆ ನಾಲ್ಕನೇ ಶನಿವಾರ ಉಪಯೋಗಕ್ಕೆ ಬರುವುದಿಲ್ಲ. ತನ್ನ ಹೊತ್ತನ್ನು ತಾನು ಹೊಂದಿಸಿಕೊಳ್ಳುವ ಅವಕಾಶ ಅದಲ್ಲ.

ಅಂಥ ಅವಕಾಶವನ್ನು ನಮಗೆ ಒತ್ತಾಯದಿಂದ ತೋರಿಸಿದ್ದು ಕೊರೊನಾ. 2020ರ ಮಾರ್ಚ್ 19ರಂದು ಕೇಂದ್ರ ಸರ್ಕಾರ ಹೊರಡಿಸಿದ ಆದೇಶದಂತೆ ‘ಬಿ’ ಮತ್ತು ‘ಸಿ’ ವೃಂದದ ಅರ್ಧದಷ್ಟು ನೌಕರರು ಮನೆಯಿಂದ ಕೆಲಸ ಮಾಡಬೇಕಾಯಿತು, ಬರುವವರಿಗೂ ಒಂಬತ್ತು, ಒಂಬತ್ತೂವರೆ, ಹತ್ತು ಎಂದು ಮೂರು ಬೇರೆ ಬೇರೆ ಹೊತ್ತು ಗೊತ್ತುಮಾಡಲಾಯಿತು. ಅದೇ ವರ್ಷ ಮೇ ತಿಂಗಳಲ್ಲಿ, ಕೊರೊನಾ ಹೋದ ಮೇಲೂ ಅರ್ಹ ನೌಕರರಿಗೆ ವರ್ಷಕ್ಕೆ 15 ದಿನ ಮನೆಯಿಂದ ಕೆಲಸ ಮಾಡುವ ಅವಕಾಶ ಕೊಡಬಹುದೆಂಬ ಕರಡು ಮಾರ್ಗಸೂಚಿಯೂ ಇಲಾಖೆಗಳಿಗೆ ಹೋಯಿತು. 2022ರ ಫೆಬ್ರುವರಿ 7ರಿಂದ ಎಲ್ಲರೂ ಪೂರ್ಣ ಹಾಜರಿಗೆ ಮರಳಿದರು. ಆ ಎರಡು ವರ್ಷ ಯಾವ ಕೆಲಸ ಮನೆಯಿಂದ ಚೆನ್ನಾಗಿ ನಡೆಯಿತು, ಯಾವುದು ಕೆಟ್ಟಿತು ಎಂಬುದನ್ನು ಪ್ರತಿ ಇಲಾಖೆಯೂ ಕೂತು ಬರೆದಿಡಬೇಕಿತ್ತು. ಅಷ್ಟು ದೊಡ್ಡ ಪ್ರಯೋಗಕ್ಕೆ ಮತ್ತೆ ಅವಕಾಶ ಸಿಗುವುದಿಲ್ಲ.

ಹಾಗೆ ಬರೆದಿಟ್ಟವರು ಬೇರೆ ಕಡೆ ಇದ್ದಾರೆ. ಅಮೆರಿಕದ ಪೇಟೆಂಟ್ ಕಚೇರಿಯನ್ನೇ ನೋಡಿ. ಹೊಸ ಆವಿಷ್ಕಾರ ಮಾಡಿದವರ ಅರ್ಜಿಗಳನ್ನು ಓದಿ, ಅದು ನಿಜಕ್ಕೂ ಹೊಸದೇ ಎಂದು ತೀರ್ಮಾನಿಸುವ ಪರೀಕ್ಷಕರು ಅಲ್ಲಿ ಸಾವಿರಾರು ಮಂದಿ ಇದ್ದಾರೆ. ಮನೆಯಿಂದ ಕೆಲಸ ಮಾಡುವ ಪದ್ಧತಿ ಆ ಕಚೇರಿಯಲ್ಲಿ 1997ರಲ್ಲೇ ಸಣ್ಣದಾಗಿ ಶುರುವಾಗಿತ್ತು. 2012ರ ನಂತರ ಪರೀಕ್ಷಕರು ದೇಶದ ಯಾವ ಮೂಲೆಯಲ್ಲಾದರೂ ನೆಲೆಸಿ ಕೆಲಸ ಮಾಡಬಹುದು ಎಂದಾಯಿತು. ಹಾರ್ವರ್ಡ್‌ನ ಪೃಥ್ವಿರಾಜ್ ಚೌಧರಿ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿದರು. ಬರೀ ಮನೆಯಿಂದ ಕೆಲಸ ಮಾಡುತ್ತಿದ್ದವರು ಎಲ್ಲಿಂದಾದರೂ ಕೆಲಸ ಮಾಡಬಹುದಾದಾಗ ಅವರ ಉತ್ಪಾದಕತೆ ಶೇಕಡಾ 4.4ರಷ್ಟು ಹೆಚ್ಚಿತು, ತಿದ್ದುಪಡಿಗೆ ಮರಳಿ ಬರುವ ಕೆಲಸವೇನೂ ಗಮನಾರ್ಹವಾಗಿ ಹೆಚ್ಚಲಿಲ್ಲ.

ಶೇಕಡಾ ನಾಲ್ಕು ದೊಡ್ಡ ಸಂಖ್ಯೆಯೇ ಎಂದು ಕೇಳಬಹುದು. ಅದಕ್ಕಿಂತ ಗಮನಿಸಬೇಕಾದದ್ದು, ಅಲ್ಲಿ ಅದನ್ನು ಅಳೆಯಲು ಸಾಧ್ಯವಾಯಿತು ಎಂಬುದು. ಯಾವ ದರ್ಜೆಯ ಪರೀಕ್ಷಕ, ಯಾವ ತಂತ್ರಜ್ಞಾನದ ಅರ್ಜಿಗಳನ್ನು ಎಷ್ಟು ಹೊತ್ತಿನಲ್ಲಿ ಮುಗಿಸಬೇಕು ಎಂಬ ಲೆಕ್ಕ ಅಲ್ಲಿ ಮೊದಲಿನಿಂದಲೂ ಇದೆ. ಅರ್ಜಿ ಮುಂದೆ ಹೋಯಿತೇ ಎಂದು ಕೇಳುವವರಿದ್ದಾರೆ. ಕುರ್ಚಿಯಲ್ಲಿ ಕೂತಿದ್ದನೇ ಎಂದು ಕೇಳುವ ಅಗತ್ಯ ಇಲ್ಲ. ಜೊತೆಗೆ, ಅರ್ಜಿಯ ಬಗ್ಗೆ ತೀರ್ಮಾನ ಮಾಡುವವನೂ ಬಹುಮಟ್ಟಿಗೆ ಆ ಪರೀಕ್ಷಕನೇ. ಹೊತ್ತು, ಅಧಿಕಾರ, ಲೆಕ್ಕ, ಮೂರೂ ಒಂದೇ ಮೇಜಿನ ಮೇಲಿವೆ.

ಇದಕ್ಕಿಂತ ನಮಗೆ ಹತ್ತಿರದ ನಮೂನೆ ಇಂಗ್ಲೆಂಡಿನ ಸೌತ್ ಕೇಂಬ್ರಿಡ್ಜ್‌ಶೈರ್ ಜಿಲ್ಲಾ ಕೌನ್ಸಿಲ್. ಅದೊಂದು ಸ್ಥಳೀಯ ಸಂಸ್ಥೆ. ಮನೆ ಕಟ್ಟಲು ಪರವಾನಗಿ, ತೆರಿಗೆ, ಬಾಡಿಗೆ ಮನೆಗಳ ನಿರ್ವಹಣೆ, ಕಸ ಸಾಗಣೆ, ಇಂಥ ಕೆಲಸ ಅದರದ್ದು. 2023ರ ಜನವರಿಯಲ್ಲಿ ಅದು ವಾರಕ್ಕೆ ನಾಲ್ಕೇ ದಿನದ ಕೆಲಸವನ್ನು ಪ್ರಯೋಗಕ್ಕೆ ಇಟ್ಟಿತು. ಷರತ್ತು ಇಷ್ಟೇ: ಸಂಬಳ ಪೂರ್ತಿ, ಹೊತ್ತು ಶೇಕಡಾ 80, ಕೆಲಸ ಪೂರ್ತಿ. ಮೊದಲು ಮೇಜಿನ ಕೆಲಸದವರು, ಆಮೇಲೆ ಕಸದ ಗಾಡಿಯವರೂ ಸೇರಿದರು. ಕೇಂದ್ರ ಸರ್ಕಾರದ ಮಂತ್ರಿಗಳು ನಿಲ್ಲಿಸಿ ಎಂದರು, ಕೌನ್ಸಿಲ್ ನಿಲ್ಲಿಸಲಿಲ್ಲ. ವಿಶ್ವವಿದ್ಯಾಲಯಗಳು ಅಂಕಿಅಂಶ ಪರಿಶೀಲಿಸಿದಾಗ ಬಹುಪಾಲು ಸೇವೆಗಳು ಮೊದಲಿನಂತೆಯೇ ಇದ್ದವು ಅಥವಾ ಸುಧಾರಿಸಿದ್ದವು. ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೇ ಒಂದರಷ್ಟಕ್ಕೂ ಹೆಚ್ಚು ತಗ್ಗಿತ್ತು. ಮನೆ ಬಾಡಿಗೆ ವಸೂಲಿಯಂಥ ಒಂದೆರಡು ವಿಷಯದಲ್ಲಿ ಹಿನ್ನಡೆಯೂ ಆಗಿತ್ತು, ಅದನ್ನೂ ಅವರು ಮುಚ್ಚಿಡಲಿಲ್ಲ. 2025ರ ಜುಲೈನಲ್ಲಿ ಕೌನ್ಸಿಲ್ ಮತ ಹಾಕಿ ಅದನ್ನು ಕಾಯಂ ಮಾಡಿತು. ಅದೇ 2025ರ ಜನವರಿಯಲ್ಲಿ ಅಮೆರಿಕದ ಹೊಸ ಅಧ್ಯಕ್ಷರು ಕೇಂದ್ರ ಸರ್ಕಾರಿ ನೌಕರರೆಲ್ಲ ಪೂರ್ತಿ ಕಚೇರಿಗೆ ಮರಳಬೇಕೆಂದು ಆದೇಶಿಸಿದ್ದರು. ಸಾರ್ವಜನಿಕ ವಲಯದಲ್ಲಿ ಹೊತ್ತಿನ ಪ್ರಶ್ನೆ ಎಲ್ಲ ಕಡೆಯೂ ರಾಜಕೀಯದ ಪ್ರಶ್ನೆಯೇ. ‘ನಮ್ಮ ತೆರಿಗೆ ದುಡ್ಡಿನಲ್ಲಿ ಇವರಿಗೆ ಆರಾಮವೇ?’ ಎಂಬ ಮಾತಿಗೆ ಉತ್ತರ ಕೊಡಬೇಕಾದದ್ದು ಕೆಲಸದ ಲೆಕ್ಕ ಮಾತ್ರ.

ಈಗ ನಮ್ಮ ತಾಲ್ಲೂಕು ಕಚೇರಿಗೆ ಬರೋಣ. ಒಂದು ಮಾದರಿ ಕಡತವನ್ನು ಹಿಂಬಾಲಿಸೋಣ. ಬಡ ಮುದುಕಿಯೊಬ್ಬಳು ಸಂಧ್ಯಾ ಸುರಕ್ಷಾ ವೇತನಕ್ಕೆ ಅರ್ಜಿ ಹಾಕಿದ್ದಾಳೆ. ಪಡಿತರ ಚೀಟಿಯಲ್ಲಿ ಅವಳ ಹೆಸರು ಶಾಂತವ್ವ, ಆಧಾರ್ ಕಾರ್ಡಿನಲ್ಲಿ ಶಾಂತಮ್ಮ. ಊರಿಗೆಲ್ಲ ಗೊತ್ತು ಇಬ್ಬರೂ ಒಬ್ಬಳೇ ಎಂದು. ಗ್ರಾಮ ಆಡಳಿತಾಧಿಕಾರಿಗೂ ಗೊತ್ತು. ಕಚೇರಿಯ ವಿಷಯ ನಿರ್ವಾಹಕನಿಗೂ ಅವಳ ಮುಖ ನೋಡಿದ ಕೂಡಲೇ ಗೊತ್ತಾಗಿದೆ. ಆದರೆ ಹಾಗೆಂದು ಬರೆದು ಸಹಿ ಹಾಕುವ ಧೈರ್ಯ ಯಾರಿಗೂ ಇಲ್ಲ. ‘ಯವ್ವಾ, ನೀನ ಶಾಂತವ್ವ ಅನ್ನೂದು ನನಗ ಗೊತ್ತೈತಿ. ಖರೆ, ನನ್ನ ಕೈಯಾಗ ಏನೈತಿ?’ ಎನ್ನುತ್ತಾನೆ ಅವನು. ಅವನು ಹೇಳುತ್ತಿರುವುದು ಸುಳ್ಳಲ್ಲ. ಹೆಸರಿನಲ್ಲಿ ವ್ಯತ್ಯಾಸ ಕಂಡುಬಂದಿದ್ದು ಸೂಕ್ತ ಆದೇಶಕ್ಕಾಗಿ ಮಂಡಿಸಿದೆ ಎಂದು ಟಿಪ್ಪಣಿ ಬರೆಯುತ್ತಾನೆ. ಕಡತ ಶಿರಸ್ತೇದಾರರ ಮೇಜು ದಾಟಿ ತಹಶೀಲ್ದಾರರ ಬಳಿ ಹೋಗುತ್ತದೆ. ಅವರು ಸಭೆಗೆ ಹೊರಡುವ ಅವಸರದಲ್ಲಿ ‘ಚರ್ಚಿಸಿ’ ಎಂದು ಬರೆಯುತ್ತಾರೆ. ಚರ್ಚಿಸಲು ಅವರು ಸಿಗುವುದಿಲ್ಲ: ಒಂದು ದಿನ ಜಿಲ್ಲಾಧಿಕಾರಿಗಳ ವಿಡಿಯೊ ಸಭೆ, ಇನ್ನೊಂದು ದಿನ ಮಂತ್ರಿಗಳ ಪ್ರವಾಸ. ಕೊನೆಗೂ ಸಿಕ್ಕಾಗ ಕಡತದ ಮೇಲೆ ಬೀಳುವುದು ‘ನಿಯಮಾನುಸಾರ ಕ್ರಮವಹಿಸಿ’ ಎಂಬ ಒಕ್ಕಣೆ. ಕಡತ ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂತು. ಇಷ್ಟು ಜನ ನೋಡಿದರು, ತೀರ್ಮಾನ ಮಾಡಿದವರು ಒಬ್ಬರೂ ಇಲ್ಲ.

ಈ ವಿಷಯ ನಿರ್ವಾಹಕನಿಗೆ ಬೆಳಗ್ಗೆ ಎಂಟಕ್ಕೆ ಬಂದು ಸಂಜೆ ನಾಲ್ಕಕ್ಕೆ ಹೋಗುವ ಅನುಕೂಲ ಕೊಡಿ, ಇ-ಆಫೀಸ್ ಮೂಲಕ ಮನೆಯಿಂದಲೇ ಟಿಪ್ಪಣಿ ಬರೆಯಲು ಬಿಡಿ, ಶಾಂತವ್ವನ ಕಡತ ಇಂಚೂ ಕದಲುವುದಿಲ್ಲ. ಅವನು ಸೋಮಾರಿಯಲ್ಲ. ಅವನ ಭಯಕ್ಕೆ ಕಾರಣವಿದೆ. ಸರಿಯಾದ ಹತ್ತು ತೀರ್ಮಾನ ಮಾಡಿದರೆ ಬೆನ್ನು ತಟ್ಟುವವರಿಲ್ಲ. ಒಂದು ತಪ್ಪಿದರೆ ಆಡಿಟ್ ಆಕ್ಷೇಪಣೆ, ಕಾರಣ ಕೇಳಿ ನೋಟಿಸು, ಇಲಾಖಾ ವಿಚಾರಣೆ, ಬಡ್ತಿಗೆ ಕಲ್ಲು. ಕಡತವನ್ನು ಮೇಲೆ ಕಳಿಸಿದರೆ ಯಾರೂ ಶಿಕ್ಷಿಸುವುದಿಲ್ಲ. ಆದ್ದರಿಂದ ಬುದ್ಧಿವಂತ ನೌಕರ ಕಳಿಸುವುದನ್ನೇ ಕಲಿಯುತ್ತಾನೆ.

ಕೈಯಲ್ಲಿ ಏನೂ ಇಲ್ಲದ ಕೆಲಸ ಮನುಷ್ಯನ ಮೈಗೂ ಒಳ್ಳೆಯದಲ್ಲ ಎಂಬುದಕ್ಕೆ ಪುರಾವೆ ಇದೆ, ಅದೂ ಸರ್ಕಾರಿ ನೌಕರರಿಂದಲೇ ಸಿಕ್ಕ ಪುರಾವೆ. ಲಂಡನ್ನಿನ ವೈಟ್‌ಹಾಲ್ ಬ್ರಿಟನ್ ಸರ್ಕಾರದ ಕಚೇರಿಗಳು ಸಾಲಾಗಿರುವ ಬೀದಿ. 1967ರಿಂದ ಅಲ್ಲಿನ ಹದಿನೇಳು ಸಾವಿರಕ್ಕೂ ಹೆಚ್ಚು ಪುರುಷ ನೌಕರರ ಆರೋಗ್ಯವನ್ನು ಗಮನಿಸುತ್ತ ಬಂದಾಗ, ಕೆಳದರ್ಜೆಯವರ ಸಾವಿನ ಪ್ರಮಾಣ ಅತ್ಯುನ್ನತ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು ಕಂಡಿತು. ಇವರು ಹಸಿದವರಲ್ಲ, ಕೆಲಸವಿಲ್ಲದವರಲ್ಲ; ಎಲ್ಲರಿಗೂ ಒಂದೇ ಸರ್ಕಾರಿ ಆಸ್ಪತ್ರೆಯ ಸೌಲಭ್ಯ. ಧೂಮಪಾನ, ರಕ್ತದೊತ್ತಡದಂಥ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸ ಪೂರ್ತಿ ಅಳಿಯಲಿಲ್ಲ. 1985ರಲ್ಲಿ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ 10,308 ಪುರುಷ ಮತ್ತು ಮಹಿಳಾ ನೌಕರರ ಎರಡನೆಯ ಅಧ್ಯಯನ ಶುರುವಾಯಿತು. ತಮ್ಮ ಕೆಲಸದ ಮೇಲೆ ತಮಗೆ ಹಿಡಿತ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂಬುದು ಅದರ ಮುಖ್ಯ ಶೋಧನೆಗಳಲ್ಲಿ ಒಂದು. ಹೊಣೆ ಹೆಚ್ಚಿರುವ ದೊಡ್ಡ ಸಾಹೇಬರಿಗೇ ಎದೆನೋವು ಜಾಸ್ತಿ ಎಂಬ ನಮ್ಮ ಸಾಮಾನ್ಯ ನಂಬಿಕೆಯನ್ನು ಅದು ತಲೆಕೆಳಗು ಮಾಡಿತು.

ಸರಿ, ಕೆಳಗಿನವರಿಗೆ ಅಧಿಕಾರ ಕೊಟ್ಟರೆ ಕೆಲಸ ನಿಜಕ್ಕೂ ಆಗುತ್ತದೆಯೇ? ಬ್ರೆಜಿಲ್ ದೇಶದ ಈಶಾನ್ಯದಲ್ಲಿ ಸೆಆರಾ ಎಂಬ ರಾಜ್ಯವಿದೆ. ಬರಗಾಲಕ್ಕೆ ಹೆಸರಾದ ಬಡ ರಾಜ್ಯ. 1987ರ ಬರದ ಹೊತ್ತಿನಲ್ಲಿ ಅಲ್ಲಿನ ಸರ್ಕಾರ ಪರಿಹಾರ ಕಾಮಗಾರಿಯ ಭಾಗವಾಗಿ ಹಳ್ಳಿಯ ಹೆಂಗಸರನ್ನು ಆರೋಗ್ಯ ಕಾರ್ಯಕರ್ತೆಯರನ್ನಾಗಿ ತೆಗೆದುಕೊಂಡಿತು. ಮುಂದೆ ಅವರ ಸಂಖ್ಯೆ ಏಳು ಸಾವಿರ ದಾಟಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಶಿಶುಮರಣ ಸಾವಿರಕ್ಕೆ 102ರಿಂದ 65ಕ್ಕೆ ಇಳಿಯಿತು. ಜೂಡಿತ್ ಟೆಂಡ್ಲರ್ ಎಂಬ ಅರ್ಥಶಾಸ್ತ್ರಜ್ಞೆ ಇದು ಹೇಗಾಯಿತೆಂದು ಹುಡುಕಿ ಬರೆದಿದ್ದಾರೆ. ಕಾರ್ಯಕರ್ತೆಯರು ಪಟ್ಟಿಯಲ್ಲಿದ್ದ ಲಸಿಕೆ, ಭೇದಿಯ ಔಷಧಿಗಳಲ್ಲೇ ನಿಲ್ಲಲಿಲ್ಲ. ಮನೆಗೆ ಹೋದಾಗ ಕೂಸಿಗೆ ಸ್ನಾನ ಮಾಡಿಸುತ್ತಿದ್ದರು, ಮಕ್ಕಳ ಕೂದಲು ಉಗುರು ಕತ್ತರಿಸುತ್ತಿದ್ದರು, ತಾಯಿ ಮಲಗಿದ್ದರೆ ಅಡುಗೆಗೂ ಕೈ ಹಾಕುತ್ತಿದ್ದರು. ಯಾವ ಮನೆಗೆ ಏನು ಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಿದ್ದರು. ಮೇಲೆ ಒಬ್ಬ ನರ್ಸ್ ಇರುತ್ತಿದ್ದಳು.

ಲಗಾಮನ್ನೂ ಸರ್ಕಾರ ಬಿಟ್ಟುಕೊಟ್ಟಿರಲಿಲ್ಲ. ನೇಮಕಾತಿಯನ್ನು ಊರಿನ ಮೇಯರನ ಕೈಗೆ ಕೊಡದೆ ರಾಜ್ಯವೇ ನಡೆಸಿತು. ಕಾರ್ಯಕರ್ತೆ ಅದೇ ಊರಿನಲ್ಲಿರಬೇಕು, ತಿಂಗಳಿಗೊಮ್ಮೆಯಾದರೂ ಪ್ರತಿ ಮನೆಗೆ ಹೋಗಬೇಕು, ರಾಜಕೀಯ ಪ್ರಚಾರ ಮಾಡಬಾರದು ಎಂದು ಊರಿಗೆಲ್ಲ ಸಾರಿ ಹೇಳಿತು. ಅರ್ಜಿ ಹಾಕಿ ಆಯ್ಕೆಯಾಗದೆ ಉಳಿದವರಿಗೆ, ಆಯ್ಕೆಯಾದವಳು ಕೆಲಸ ಮಾಡದಿದ್ದರೆ ನಮಗೆ ತಿಳಿಸಿ ಎಂದಿತು! ಇದಕ್ಕಿಂತ ಚುರುಕಾದ ಮೇಲ್ವಿಚಾರಕರು ಎಲ್ಲಿ ಸಿಕ್ಕಾರು? ಸ್ವಾತಂತ್ರ್ಯ ಕೊಟ್ಟದ್ದು ಕೆಲಸ ಮಾಡುವವಳಿಗೆ, ಲೆಕ್ಕ ಒಪ್ಪಿಸಬೇಕಾದದ್ದು ಊರಿಗೆ.

ನಮ್ಮ ಆಶಾ ಕಾರ್ಯಕರ್ತೆಯರನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದವರು. ಅವರ ಕೆಲಸಕ್ಕೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗೌರವ ಸಿಕ್ಕಿತು. ಕಾಗದದ ಮೇಲೆ ನೋಡಿದರೆ ಅವರಷ್ಟು ಸಡಿಲ ಹೊತ್ತಿನವರು ಯಾರೂ ಇಲ್ಲ: ಅವರು ನೌಕರರೇ ಅಲ್ಲ, ಸ್ವಯಂಸೇವಕಿಯರು, ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. ವಾಸ್ತವದಲ್ಲಿ ನಡುರಾತ್ರಿ ಹೆರಿಗೆ ನೋವೆಂದು ಫೋನ್ ಬಂದರೂ ಏಳಬೇಕು, ಹಗಲು ಸಮೀಕ್ಷೆ ಬಂದರೂ ಹೋಗಬೇಕು. ಬೇಡ ಎನ್ನುವ ಅಧಿಕಾರವಿಲ್ಲದ ಸಡಿಲ ಹೊತ್ತು ಎಂದರೆ ಇಪ್ಪತ್ನಾಲ್ಕು ಗಂಟೆಯೂ ಕೆಲಸ ಎಂದೇ ಅರ್ಥ.

ಗ್ರಾಮ ಆಡಳಿತಾಧಿಕಾರಿಗಳ ಕಥೆಯೂ ಇದಕ್ಕೆ ಹತ್ತಿರ. ಹಿಂದಿನ ಗ್ರಾಮಲೆಕ್ಕಿಗರೇ ಇವರು. ಮೊಬೈಲ್ ಬಂದ ಮೇಲೆ ಕಚೇರಿಗೆ ಓಡುವುದು ತಪ್ಪಿ, ಹೊಲದಲ್ಲೇ ನಿಂತು ಕೆಲಸ ಮುಗಿಸಬಹುದು ಎಂಬ ನಿರೀಕ್ಷೆಯಿತ್ತು. ಆದದ್ದು ಬೇರೆ. ಸರ್ಕಾರಿ ಜಮೀನು ಕಾಯಲು ಲ್ಯಾಂಡ್ ಬೀಟ್, ಪಹಣಿಗೆ ಆಧಾರ್ ಸೀಡಿಂಗ್, ಬಗರ್‌ ಹುಕುಂ, ಪೌತಿ ಆಂದೋಲನ, ಹೀಗೆ ಒಂದರ ಮೇಲೊಂದು ಆ್ಯಪ್ ಬಂದು ಕೂತವು. ಪ್ರತಿಯೊಂದಕ್ಕೂ ಗುರಿ, ಪ್ರತಿ ಗುರಿಗೂ ಸಂಜೆಯ ಹೊತ್ತಿಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಪ್ರಗತಿಯ ಪಟ್ಟಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಅವರು ಮುಷ್ಕರಕ್ಕೆ ಇಳಿದಾಗ ಬೇಡಿಕೆಗಳಲ್ಲಿ ಮುಂದಿದ್ದದ್ದು ಈ ಆ್ಯಪ್‌ಗಳ ಹೊರೆ ಮತ್ತು ಕೆಲಸಕ್ಕೆ ಬೇಕಾದ ಕನಿಷ್ಠ ಸಲಕರಣೆ. ಎಲ್ಲಿಂದಾದರೂ ಕೆಲಸ ಮಾಡಬಹುದು ಎಂಬುದು ಎಲ್ಲಿದ್ದರೂ ಕೆಲಸ ಮಾಡಲೇಬೇಕು ಎಂದು ತಿರುಗಿಕೊಳ್ಳಲು ಹೆಚ್ಚು ಕಾಲ ಹಿಡಿಯುವುದಿಲ್ಲ.

ಈ ಹೊತ್ತಿಗೆ ಕೇಳುಗರಲ್ಲಿ ಒಬ್ಬರಾದರೂ ಗೊಣಗಿರುತ್ತಾರೆ: ‘ಗುಮಾಸ್ತರಿಗೆ ಇನ್ನಷ್ಟು ಅಧಿಕಾರವೇ? ಇರುವುದರಲ್ಲೇ ಕೈ ಬಿಸಿ ಮಾಡದೆ ಕಡತ ಅಲುಗುವುದಿಲ್ಲ.’ ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಇದಕ್ಕೆ ಉತ್ತರ ನಮ್ಮ ರಾಜ್ಯದ ಕಂದಾಯ ಇಲಾಖೆಯ ಅನುಭವದಲ್ಲೇ ಇದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಭೂಮಿ ಯೋಜನೆ ಬಂದು ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಸಿಗತೊಡಗಿತು. ಜನ ಇದನ್ನಷ್ಟೇ ನೆನಪಿಟ್ಟುಕೊಂಡಿದ್ದಾರೆ. ಅಷ್ಟೇ ಮುಖ್ಯವಾದ ಇನ್ನೊಂದು ಬದಲಾವಣೆ ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಆಯಿತು: ಮೊದಲು ಬಂದ ಅರ್ಜಿ ಮೊದಲು. ಕಂಪ್ಯೂಟರು ಸರದಿ ಮುರಿಯಲು ಬಿಡುತ್ತಿರಲಿಲ್ಲ.

ಇದರಿಂದ ಕಲಿಯಬೇಕಾದದ್ದು, ಅಧಿಕಾರದಲ್ಲಿ ಎರಡು ಬಗೆ ಇದೆ ಎಂಬುದನ್ನು. ಯಾರ ಕಡತವನ್ನು ಮೊದಲು ಎತ್ತಿಕೊಳ್ಳಬೇಕು, ಯಾರದ್ದನ್ನು ತಳಕ್ಕೆ ಹಾಕಬೇಕು ಎಂಬ ಅಧಿಕಾರ ಒಂದು. ಎತ್ತಿಕೊಂಡ ಕಡತದಲ್ಲಿರುವ ತೊಡಕನ್ನು ಬಿಡಿಸುವ ಅಧಿಕಾರ ಇನ್ನೊಂದು. ಮೊದಲನೆಯದು ಯಾರ ಕೈಯಲ್ಲೂ ಇರಬಾರದು; ಲಂಚ ಹುಟ್ಟುವುದು ಬಹುಮಟ್ಟಿಗೆ ಅಲ್ಲೇ. ಎರಡನೆಯದು ಆದಷ್ಟು ಕೆಳಗೆ, ಅರ್ಜಿದಾರರ ಮುಖ ನೋಡುವವರ ಕೈಯಲ್ಲಿರಬೇಕು. ನಮ್ಮ ಕಚೇರಿಗಳಲ್ಲಿ ಬಹುಕಾಲ ಇದು ತಿರುವುಮುರುವಾಗಿತ್ತು. ಸರದಿ ಕದಲಿಸುವ ಶಕ್ತಿ ಕೆಳಗೆ ಧಾರಾಳವಾಗಿತ್ತು, ಶಾಂತವ್ವನೇ ಶಾಂತಮ್ಮ ಎಂದು ಒಪ್ಪುವ ಶಕ್ತಿ ಮೇಲೆ ಕೂತಿತ್ತು.

2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲ ಇನ್ನೊಂದು ದೊಡ್ಡ ಹೆಜ್ಜೆ. ಔರಾದ್, ಚಿತ್ರದುರ್ಗ, ಧಾರವಾಡ, ಪುತ್ತೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಮೊದಲು ಪ್ರಯೋಗ ನಡೆಯಿತು. ಆಮೇಲೆ 11 ಇಲಾಖೆಗಳ 151 ಸೇವೆಗಳು ಸೇರಿದವು. ಅರ್ಜಿದಾರರ ಕೈಗೆ ಹದಿನೈದು ಅಂಕಿಯ ಸಂಖ್ಯೆ, ಪ್ರತಿ ಸೇವೆಗೂ ಗಡುವು, ಹೊಣೆಗಾರ ಅಧಿಕಾರಿಯ ಪದನಾಮ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದೂ ತಪ್ಪಿತಸ್ಥರ ಸಂಬಳದಿಂದ. ಹಾಜರಿಯ ಜಾಗದಲ್ಲಿ ವಿಲೇವಾರಿಯನ್ನು ಕೂರಿಸಿದ ಕಾನೂನು ಅದು. ಕೊರತೆಯೂ ಅಲ್ಲೇ ಇದೆ. ಗಡುವಿಗೆ ಒಂದು ದಿನ ಇರುವಾಗ ದಾಖಲೆ ಸಾಲದೆಂದು ಅರ್ಜಿ ತಿರಸ್ಕರಿಸಿದರೂ ಅದು ವಿಲೇವಾರಿಯೇ! ಹೊಣೆ ಕೆಳಗಿಳಿಯಿತು, ತೊಡಕು ಬಿಡಿಸುವ ಅಧಿಕಾರ ಅಷ್ಟೇ ಪ್ರಮಾಣದಲ್ಲಿ ಇಳಿಯಲಿಲ್ಲ. ಅಧಿಕಾರ ಕೊಡದೆ ಲೆಕ್ಕ ಕೇಳಿದರೆ ನೌಕರ ಲೆಕ್ಕವನ್ನು ಸರಿಮಾಡಿ ತೋರಿಸುತ್ತಾನೆ, ಕೆಲಸ ಹಾಗೇ ಉಳಿಯುತ್ತದೆ.

ಮಹಿಳಾ ನೌಕರರ ವಿಷಯವನ್ನು ಇಲ್ಲಿ ಹೇಳಲೇಬೇಕು. ಕೇಂದ್ರದಲ್ಲಿ 2008ರಿಂದ ಶಿಶುಪಾಲನಾ ರಜೆ 730 ದಿನ ಇದೆ. ಕರ್ನಾಟಕದಲ್ಲಿ 2021ರಲ್ಲಿ 180 ದಿನದ ರಜೆ ಬಂತು. ಮುಟ್ಟಿನ ದಿನಗಳಿಗೆಂದು ಬಿಹಾರ 1992ರಲ್ಲೇ ತಿಂಗಳಿಗೆ ಎರಡು ದಿನ ವಿಶೇಷ ರಜೆ ಕೊಟ್ಟಿತ್ತು. ಕರ್ನಾಟಕ 2025ರಲ್ಲಿ ಸರ್ಕಾರಿ, ಖಾಸಗಿ ಎನ್ನದೆ ವರ್ಷಕ್ಕೆ 12 ದಿನದ ಸಂಬಳ ಸಹಿತ ರಜೆಗೆ ಒಪ್ಪಿತು. ಇವೆಲ್ಲ ಬೇಕಾದವೇ. ಆದರೆ ರಜೆ ಎಂದರೆ ಕೆಲಸ ನಿಲ್ಲುವುದು. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಇರುವಾಗ, ಒಬ್ಬರೇ ಮೂರು ಸೀಟಿನ ಪ್ರಭಾರ ಹೊತ್ತಿರುವಾಗ, ರಜೆ ಕೇಳಿದವಳ ಕೆಲಸ ಪಕ್ಕದವಳ ಮೇಲೆ ಬೀಳುತ್ತದೆ. ‘ಮತ್ತೆ ರಜೆಯಾ ಮೇಡಂ?’ ಎಂಬ ಮಾತು ಹುಟ್ಟುವುದು ಅಲ್ಲಿ. ಎಷ್ಟೋ ತಾಯಂದಿರಿಗೆ ಬೇಕಿರುವುದು ಪೂರ್ತಿ ದಿನದ ರಜೆಯಲ್ಲ. ಮಗುವನ್ನು ಶಾಲೆಗೆ ಬಿಟ್ಟು ಹತ್ತೂವರೆಗೆ ಬಂದು ಆರಕ್ಕೆ ಹೋಗುವ ಅವಕಾಶ. ಅದನ್ನು ಕೊಡಲು ಖಜಾನೆಯಿಂದ ಒಂದು ಪೈಸೆಯೂ ಬೇಡ.

ಬಸ್ ಕಂಡಕ್ಟರು, ದಾದಿಯರು, ಪವರ್‌ಮನ್‌ಗಳು, ಪೌರಕಾರ್ಮಿಕರು ಇವರಿಗೆಲ್ಲ ಮನೆಯಿಂದ ಕೆಲಸ ಎಂಬ ಮಾತೇ ಹೊಂದುವುದಿಲ್ಲ. ಅವರಿಗೆ ಸಡಿಲಿಕೆ ಎಂದರೆ ಮುಂದಿನ ತಿಂಗಳ ಪಾಳಿ ಈ ತಿಂಗಳೇ ಗೊತ್ತಾಗುವುದು, ಸಹೋದ್ಯೋಗಿಯೊಂದಿಗೆ ಪಾಳಿ ಅದಲುಬದಲು ಮಾಡಿಕೊಳ್ಳಲು ಯಾರ ಕೈಕಾಲು ಹಿಡಿಯಬೇಕಾಗಿಲ್ಲದಿರುವುದು. ನಿಯಮದ ಚೌಕಟ್ಟಿನಲ್ಲಿ ಆಯ್ಕೆ ಕೊಡಬಹುದು ಎಂಬುದಕ್ಕೆ ನಮ್ಮಲ್ಲೇ ಮೇಲ್ಪಂಕ್ತಿ ಇದೆ. ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಖಾಲಿ ಜಾಗಗಳ ಪಟ್ಟಿ ಎಲ್ಲರೆದುರು ಇರುತ್ತದೆ, ಸರದಿ ಬಂದಾಗ ಶಿಕ್ಷಕರು ತಾವೇ ಆರಿಸಿಕೊಳ್ಳುತ್ತಾರೆ. ತಕರಾರುಗಳಿವೆ, ಆದರೆ ಶಿಫಾರಸು ಪತ್ರ ಹಿಡಿದು ಶಾಸಕರ ಮನೆ ಮುಂದೆ ಕಾಯುವುದಕ್ಕಿಂತ ಅದು ಎಷ್ಟೋ ಮೇಲು.

ಹಾಗಾದರೆ ಎಲ್ಲಿಂದ ಶುರು ಮಾಡಬಹುದು? ನಾನಾದರೆ ಒಂದು ತಾಲ್ಲೂಕು ಕಚೇರಿಯನ್ನು ಆರಿಸಿಕೊಂಡು ಮೊದಲು ಅದರ ಕಿಟಕಿಯ ಹೊತ್ತನ್ನು ಬದಲಿಸುತ್ತೇನೆ. ಹತ್ತರಿಂದ ಐದೂವರೆ ಎಂಬುದು ಕೂಲಿಗೆ ಹೋಗುವವರ ಹೊತ್ತೂ ಹೌದು. ಒಂದು ಆದಾಯ ಪ್ರಮಾಣಪತ್ರಕ್ಕಾಗಿ ಅವರು ಒಂದು ದಿನದ ಕೂಲಿ ಕಳೆದುಕೊಳ್ಳುತ್ತಾರೆ. ಸಿಬ್ಬಂದಿಯನ್ನು ಅವರವರ ಇಚ್ಛೆ ಕೇಳಿ ಎರಡು ತಂಡ ಮಾಡಿ, ಒಂದು ತಂಡ ಎಂಟೂವರೆಗೆ ಬಂದು ನಾಲ್ಕಕ್ಕೆ ಹೋಗಲಿ, ಇನ್ನೊಂದು ಹತ್ತೂವರೆಗೆ ಬಂದು ಆರಕ್ಕೆ ಹೋಗಲಿ. ನೌಕರರ ಗಂಟೆ ಒಂದೂ ಹೆಚ್ಚುವುದಿಲ್ಲ, ಕಿಟಕಿ ಮಾತ್ರ ಎರಡು ಗಂಟೆ ಹೆಚ್ಚು ತೆರೆದಿರುತ್ತದೆ. 2005ರಿಂದ ನಡೆಯುತ್ತಿರುವ ಬೆಂಗಳೂರು ಒನ್ ಸೇವಾ ಕೇಂದ್ರಗಳಿಗೆ ಹೋದವರಿಗೆ ಕಿಟಕಿ ಹೆಚ್ಚು ಹೊತ್ತು ತೆರೆದಿರುವುದರ ಅನುಕೂಲ ಗೊತ್ತಿದೆ. ನೌಕರರ ಸಡಿಲಿಕೆ ಜನರಿಗೂ ಲಾಭವಾಗಿ ಕಂಡರೆ ‘ಇವರಿಗೆ ಆರಾಮವೇ’ ಎಂಬ ಮಾತು ತಾನಾಗಿ ನಿಲ್ಲುತ್ತದೆ.

ಆಮೇಲೆ, ಸಣ್ಣ ತೀರ್ಮಾನಗಳ ಒಂದು ಪಟ್ಟಿ. ಹೆಸರಿನ ಒಂದೆರಡು ಅಕ್ಷರದ ವ್ಯತ್ಯಾಸ, ವಯಸ್ಸಿನಲ್ಲಿ ತಿಂಗಳ ವ್ಯತ್ಯಾಸ, ಮನೆ ನಂಬರಿನ ಗೊಂದಲ, ಇಂಥವನ್ನು ಸ್ಥಳದಲ್ಲೇ ವಿಚಾರಿಸಿ ಕಾರಣ ಬರೆದು ಮುಗಿಸುವ ಅಧಿಕಾರ ಗ್ರಾಮ ಆಡಳಿತಾಧಿಕಾರಿಗೋ ವಿಷಯ ನಿರ್ವಾಹಕರಿಗೋ ಇದೆ ಎಂದು ಲಿಖಿತ ಆದೇಶವಾಗಬೇಕು. ಕಾರಣ ಬರೆದು, ಒಳ್ಳೆಯ ಉದ್ದೇಶದಿಂದ ಮಾಡಿದ ತೀರ್ಮಾನ ಮುಂದೆ ತಪ್ಪೆಂದು ಕಂಡರೆ ಅದನ್ನು ತಿದ್ದಬೇಕು, ಮಾಡಿದವರ ಮೇಲೆ ವಿಚಾರಣೆ ಹೂಡಬಾರದು. ದುಡ್ಡು ತಿಂದು ಮಾಡಿದ್ದಕ್ಕೆ ಶಿಕ್ಷೆ ಬೇರೆ ಇದ್ದೇ ಇದೆ. ತಿಂಗಳಿಗೆ ಕೆಲವು ಕಡತಗಳನ್ನು ಚೀಟಿ ಎತ್ತಿದಂತೆ ಆರಿಸಿ ಮೇಲಧಿಕಾರಿ ಪರಿಶೀಲಿಸಿದರೆ ಹದ್ದುಬಸ್ತು ಉಳಿಯುತ್ತದೆ.

ಇನ್ನು ಲೆಕ್ಕ. ಇ-ಆಫೀಸಿನಲ್ಲಿ ಯಾವ ಕಡತ ಯಾರ ಬಳಿ ಎಷ್ಟು ದಿನ ಇತ್ತು ಎಂಬುದು ತಾನಾಗಿ ದಾಖಲಾಗುತ್ತದೆ. ಸದ್ಯ ಆ ಪಟ್ಟಿಯನ್ನು ಮೇಲಿನವರು ಕೆಳಗಿನವರನ್ನು ಕೇಳಲು ಬಳಸುತ್ತಾರೆ. ಅದನ್ನು ಮೇಲ್ಮುಖವಾಗಿಯೂ ತಿರುಗಿಸಬೇಕು. ‘ಚರ್ಚಿಸಿ’ ಎಂದು ಬರೆದ ಕಡತಗಳೆಷ್ಟು, ಅವುಗಳಲ್ಲಿ ಚರ್ಚೆಯಾದದ್ದು ಎಷ್ಟು ದಿನಕ್ಕೆ ಎಂಬುದು ತಹಶೀಲ್ದಾರರ, ಜಿಲ್ಲಾಧಿಕಾರಿಗಳ ಕಾರ್ಯಕ್ಷಮತೆಯ ವರದಿಯಲ್ಲಿ ಸೇರಬೇಕು. ತಿರಸ್ಕರಿಸಿದ ಅರ್ಜಿಗಳಿಗೆ ಕಾರಣವೇನು, ಅವುಗಳಲ್ಲಿ ಎಷ್ಟು ಮತ್ತೆ ಬಂದು ಮಂಜೂರಾದವು ಎಂಬುದೂ ಸೇರಬೇಕು.

ಖಾಲಿ ಹುದ್ದೆ ತುಂಬುವುದಕ್ಕೆ ಇದ್ಯಾವುದೂ ಬದಲಿಯಲ್ಲ. ಇಬ್ಬರ ಕೆಲಸ ಒಬ್ಬನ ಮೇಲಿದ್ದರೆ ಯಾವ ಸಡಿಲಿಕೆಯೂ ಅವನನ್ನು ಕಾಪಾಡುವುದಿಲ್ಲ. ಆದರೆ ಇರುವ ಜನರಲ್ಲೇ ಇನ್ನೂ ಬಳಕೆಯಾಗದ ವಿವೇಕ ಬೇಕಾದಷ್ಟಿದೆ. ಕಷ್ಟದ ಪರೀಕ್ಷೆ ಬರೆದು, ಸಾವಿರಾರು ಜನರ ನಡುವೆ ಆಯ್ಕೆಯಾಗಿ ಬಂದವರು ಇವರು. ಅವರನ್ನು ಬೆಳಗ್ಗೆ ಹತ್ತಕ್ಕೆ ಬೆರಳು ಒತ್ತಿಸಿ, ಸಂಜೆಯವರೆಗೆ ಕಡತ ಮೇಲೆ ಕಳಿಸುವುದಕ್ಕಷ್ಟೇ ಇಟ್ಟುಕೊಳ್ಳುವುದು ಜನರ ತೆರಿಗೆ ದುಡ್ಡಿನ ದೊಡ್ಡ ಪೋಲು. ಒಂದು ಜಿಲ್ಲೆಯ ಒಂದು ಕಚೇರಿಯಲ್ಲಿ ಒಂದು ವರ್ಷ ಇದನ್ನು ಮಾಡಿ ನೋಡಲು ಹೊಸ ಕಾನೂನು ಬೇಡ, ಹೊಸ ಕಟ್ಟಡ ಬೇಡ. ಜಿಲ್ಲಾಧಿಕಾರಿಯೊಬ್ಬರು ಮನಸ್ಸು ಮಾಡಿ ಪ್ರಸ್ತಾವನೆ ಕಳಿಸಿದರೆ, ಸರ್ಕಾರ ಅದರ ಮೇಲೆ ‘ಚರ್ಚಿಸಿ’ ಎಂದು ಬರೆಯದೆ ಒಪ್ಪಿಗೆ ಕೊಟ್ಟರೆ, ಅಷ್ಟೇ ಸಾಕು.